ರಿವರ್ಸ್ ಮೇಡಂ ಮತ್ತು ಹೊಸ ಟ್ಯಾಬು

ಕಾರು ಕಲಿಯಲು ಬಂದವರಿಗೆ ಮೊದಲ ದಿನವೇ ರಿವರ್ಸ್ ಗೇರು ಹಾಕಿಸುವವರು ಲೋಕದಲ್ಲಿ ಬೇರೆ ಯಾರಿದ್ದಾರೋ ಕಾಣೆ, ನಮ್ಮ ಮೇಡಂ ಒಬ್ಬರಂತೂ ಇದ್ದಾರೆ. ಉಳಿದ ಡ್ರೈವಿಂಗ್ ಸ್ಕೂಲಿನವರು ಮುಂದಕ್ಕೆ ಹೋಗುವುದನ್ನೆಲ್ಲ ಕಲಿಸಿ, ಕೊನೆಗೆ ಕಾಟಾಚಾರಕ್ಕೆ ಹಿಂದಕ್ಕೆ ಬರುವುದನ್ನು ತೋರಿಸಿದರೆ, ಇವರದು ಪೂರ್ತಿ ಉಲ್ಟಾ. "ಸಿಕ್ಕಿಹಾಕ್ಕೊಂಡಾಗ ಹೊರಗೆ ಬರೋದು ಗೊತ್ತಿದ್ರೆ, ಆಮೇಲೆ ಯಾವ ಗಲ್ಲಿಗೆ ಬೇಕಾದ್ರೂ ನುಗ್ಗಿ," ಎನ್ನುತ್ತಾರೆ. ಬೆನ್ನ ಹಿಂದೆ ಊರು ಇವರನ್ನು ಕರೆಯುವುದೇ ರಿವರ್ಸ್ ಮೇಡಂ ಎಂದು. ಆ ಹೆಸರು ಅವರ ಕಿವಿಗೂ ಬಿದ್ದಿದೆ, ಒಳಗೊಳಗೇ ಖುಷಿಯೂ ಇದೆ.

ಹಿಂದೆ ಇನ್ನೊಬ್ಬರ ಡ್ರೈವಿಂಗ್ ಸ್ಕೂಲಿನಲ್ಲಿ ರಸೀದಿ ಬರೆದುಕೊಂಡಿದ್ದವರು ಅವರು. ತಾನೂ ಕಲಿಸುತ್ತೇನೆ ಎಂದದ್ದಕ್ಕೆ ಯಜಮಾನ, "ಹೆಂಗಸರ ಹತ್ರ ಯಾರಮ್ಮಾ ಕಾರು ಕಲೀತಾರೆ?" ಎಂದು ನಕ್ಕ. "ನಿಮ್ಮ ಹೆಂಡ್ತೀನೇ ಮೊದಲು ಕಲೀತಾರೆ, ನೋಡ್ತಿರಿ," ಎಂದು ಪೆನ್ನು ಇಟ್ಟು ಎದ್ದು ಬಂದರು. ಹಾಗೇ ಆಯಿತು ಕೂಡ! ಇವತ್ತು ಊರಿನ ಹೆರಿಗೆ ಡಾಕ್ಟರಿಂದ ಹಿಡಿದು ಬೇಕರಿಯವನವರೆಗೆ ಅರ್ಧ ಊರು ಇವರ ಕೈಯಲ್ಲಿ ಪಳಗಿದ್ದೇ.

ಇಂಥವರಿಗೆ ಒಬ್ಬಳೇ ಮಗಳು. ತಮ್ಮ ನಂತರ ಆ ಸೀಟಿನಲ್ಲಿ ಅವಳು ಕೂರಬೇಕು ಎಂಬುದು ಅಮ್ಮನ ಆಸೆ. ಮಗಳಿಗೋ ವೆಬ್‌ಸೈಟು ಮಾಡುವ ಹುಚ್ಚು. ಅಮ್ಮನ ಲೆಕ್ಕದಲ್ಲಿ ಅದು ಕೂತಲ್ಲೇ ಕೂತು ಬೆರಳಾಡಿಸುವುದು, ಕೆಲಸವೇ ಅಲ್ಲ. ಮಾತಿಗೆ ಮಾತು ಬೆಳೆದು ಕೊನೆಗೆ ಒಂದು ಒಪ್ಪಂದವಾಯಿತು.

"ನಮ್ಮ ಸ್ಕೂಲಿಗೇ ಒಂದು ವೆಬ್‌ಸೈಟು ಮಾಡು," ಎಂದರು ಮೇಡಂ. "ಇದು ನನಗಿಂತ ನಿನಗೆ ಚೆನ್ನಾಗಿ ಗೊತ್ತು ಅಂತ ಒಂದು ಕಡೆಯಾದ್ರೂ ನನಗೆ ಅನ್ನಿಸ್ಬೇಕು. ಅನ್ನಿಸ್ಲಿಲ್ವಾ, ಸುಮ್ನೆ ಬಂದು ಕಾರಲ್ಲಿ ಕೂತ್ಕೋ."

"ಆಯ್ತು ಬಿಡಮ್ಮ," ಎಂದಳು ಮಗಳು. ಅವತ್ತೇ ಕಂಪ್ಯೂಟರಿನ ಮುಂದೆ ಕೂತಳು.

ಪರೀಕ್ಷೆ ನಡೆದದ್ದು ಸ್ಕೂಲಿನ ಆಫೀಸಿನಲ್ಲಿ. ಆಫೀಸೆಂದರೆ ಒಂದೇ ಕೋಣೆ, ಗೋಡೆ ತುಂಬ ರಸ್ತೆ ಚಿಹ್ನೆಗಳ ಪಟ, ಮೂಲೆಯಲ್ಲಿ ಒಂದರ ಮೇಲೊಂದು ಹಳೇ ಟೈರು. ಮೇಡಂ ಕಂಪ್ಯೂಟರಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತು, ರಸ್ತೆ ಚಿಹ್ನೆಗಳ ಲಿಂಕು ಒತ್ತಿದರು. ಸಾರಿಗೆ ಇಲಾಖೆಯ ಪುಟ ತೆರೆಯಿತು. ನೋಡಿದ್ದಾಯಿತು, ವಾಪಸು ಬರೋಣವೆಂದು ಹಿಂದಕ್ಕೆ ಹೋಗುವ ಬಾಣ ಒತ್ತಿದರೆ ಅದು ಮಂಕಾಗಿ ಬಿದ್ದುಕೊಂಡಿದೆ. ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

"ಇದೇನೇ ಇದು, ಹಿಂದಕ್ಕೇ ಬರ್ತಿಲ್ಲ!"

"ಅದು ಹೊಸ ಟ್ಯಾಬಲ್ಲಿ ತೆರೆದಿದೆಯಮ್ಮ. ನಮ್ಮ ಪುಟ ಪಕ್ಕದಲ್ಲೇ ಇದೆ, ಮೇಲೆ ನೋಡು. ಎಲ್ಲಾ ಲಿಂಕೂ ಹಾಗೇ ಮಾಡಿದ್ದೀನಿ. ಇಲ್ಲಾಂದ್ರೆ ಜನ ಆಚೆ ಹೋದವರು ಮತ್ತೆ ನಮ್ಮ ಹತ್ರ ಬರಲ್ಲ."

"ಬೇಕಾದವರು ಬರ್ತಾರೆ ಕಣೆ! ಕಟ್ಟಿಹಾಕೋಕೆ ಅವರೇನು ದನಗಳಾ? ಬಂದ ದಾರೀಲೇ ವಾಪಸ್ ಹೋಗೋಕೆ ಬಿಡದೇ ಇರೋದು ಯಾವ ಸೀಮೆ ಮರ್ಯಾದೆ? ರಿವರ್ಸೇ ಇಲ್ಲದ ಗಾಡಿ ನನ್ನ ಹೆಸರಲ್ಲಿ ಓಡೋದು ಬೇಡ. ಈ ಹೊಸ ಟ್ಯಾಬು ಎಲ್ಲಾನೂ ತೆಗೆದುಹಾಕು."

ಮಗಳು ಯೋಚಿಸಿದಳು. ಅಮ್ಮ ಹೇಳಿದ್ದು ಸರಿಯೇ ಇತ್ತು, ಹಾಳಾದ್ದು! ಒಂದೊಂದೇ ಲಿಂಕನ್ನು ಅದೇ ಟ್ಯಾಬಿನಲ್ಲಿ ತೆರೆಯುವ ಹಾಗೆ ಬದಲಾಯಿಸುತ್ತ ಬಂದಳು. ಅಮ್ಮನ ಮುಖದಲ್ಲಿ ಗೆದ್ದ ಕಳೆ. ಕಾರಿನ ಬೀಗದ ಕೈಯನ್ನು ಮೆಲ್ಲಗೆ ಮಗಳ ಕಡೆ ಸರಿಸಿಯೂ ಆಯಿತು.

ಆದರೆ ಒಂದು ಲಿಂಕಿನ ಹತ್ತಿರ ಮಗಳ ಕೈ ನಿಂತಿತು. ಸೇರುವವರು ತುಂಬಬೇಕಾದ ಅರ್ಜಿಯ ನಡುವೆ ಸ್ಕೂಲಿನ ನಿಯಮಗಳ ಲಿಂಕು. "ಇದೊಂದು ಹೊಸ ಟ್ಯಾಬಲ್ಲೇ ಇರ್ಬೇಕು. ಇದನ್ನ ತೆಗೆಯಲ್ಲ," ಎಂದಳು.

"ಎಲ್ಲಾನೂ ಅಂದ್ರೆ ಎಲ್ಲಾನೂ."

"ತೆಗೆಯಲ್ಲ ಅಂದ್ರೆ ತೆಗೆಯಲ್ಲಮ್ಮ. ಬೇಕಿದ್ರೆ ಈಗೊಂದ್ಸಲ ನೀನು ಹೇಳಿದ ಹಾಗೆ ಮಾಡಿಕೊಡ್ತೀನಿ, ನೀನೇ ತುಂಬಿಸಿ ನೋಡು."

ಮೇಡಂ ಒಂದೇ ಬೆರಳಿನಲ್ಲಿ ಕುಟ್ಟತೊಡಗಿದರು. ಹೆಸರು, ವಿಳಾಸ, ವಯಸ್ಸು (ಸ್ವಲ್ಪ ಕಮ್ಮಿ ಮಾಡಿಯೇ ಬರೆದರು), ಕನ್ನಡಕ ಉಂಟೋ ಇಲ್ಲವೋ, ಯಾವ ಹೊತ್ತಿಗೆ ಬರುತ್ತೀರಿ. ಅಷ್ಟರಲ್ಲಿ ನಿಯಮಗಳ ಲಿಂಕು ಬಂತು. ಒತ್ತಿದರು. ತಾವೇ ಬರೆದ ನಿಯಮಗಳನ್ನು ತಲೆದೂಗುತ್ತ ಓದಿದರು. ಗತ್ತಿನಿಂದ ಹಿಂದಿನ ಬಾಣ ಒತ್ತಿದರು. ಅರ್ಜಿ ವಾಪಸು ಬಂತು, ಖಾಲಿಯಾಗಿ. ಕುಟ್ಟಿದ್ದೆಲ್ಲ ನೀರಿನಲ್ಲಿ ಹೋಮ.

"ನಾನೇ ಏನೋ ತಪ್ಪು ಒತ್ತಿರ್ಬೇಕು," ಎಂದು ಮತ್ತೆ ಮೊದಲಿನಿಂದ ಕುಟ್ಟಿದರು. ಮತ್ತೆ ಅದೇ ಗತಿ.

ಮಗಳು ನಗಲಿಲ್ಲ. ಲಿಂಕನ್ನು ಮೊದಲಿನ ಹಾಗೆ ಮಾಡಿ, ಪಕ್ಕದಲ್ಲಿ 'ಹೊಸ ಟ್ಯಾಬಿನಲ್ಲಿ ತೆರೆಯುತ್ತದೆ' ಎಂದು ಬರೆದಳು. "ಓದೋಕೆ ಹೋದವರು ಹಿಂದಕ್ಕೆ ಬಂದ್ರೆ ಸಾಕು. ಬರೀತಾ ಕೂತವರು ಪುಟ ಬಿಟ್ಟು ಏಳಲೇಬಾರ್ದು. ಅಷ್ಟೇ ಅಮ್ಮ," ಎಂದಳು. ಮೇಡಂ ಮೂರನೇ ಸಲ ತುಂಬಿಸಿದರು, ನಿಯಮ ಓದಿ ಆ ಟ್ಯಾಬು ಮುಚ್ಚಿದರು. ಬರೆದದ್ದೆಲ್ಲ ಇದ್ದಲ್ಲೇ ಇತ್ತು, ಕಮ್ಮಿ ಮಾಡಿದ ವಯಸ್ಸು ಸಮೇತ. ಎದ್ದು ಮನೆಗೆ ಹೋದರು.

ಮರುದಿನ ಬೆಳಿಗ್ಗೆ ಕಾರು ತಿರುಗಿಸುತ್ತ ಬೇಕರಿಯವನ ತಂಗಿ ಕೇಳಿದಳು, "ಮೇಡಂ, ಇನ್ಮೇಲೆ ನಿಮ್ಮ ಮಗಳೇ ಕಲಿಸ್ತಾರಂತೆ?"

"ಯಾರ್ರೀ ಹಾಗಂದಿದ್ದು? ಅವಳಿಗೆ ಅವಳ ಕೆಲಸ ಇಲ್ವಾ?" ಮೇಡಂ ದನಿ ಏರಿತು. "ನಾನು ಬೇಡ ಅಂದೆ ಕಣ್ರೀ. ಮಾಡೇ ಮಾಡಿದ್ಲು. ನನ್ನ ಎದುರು ನಿಂತು, ತೆಗೆಯಲ್ಲ ಅಂದ್ಲು! ಈ ಊರಲ್ಲಿ ನನಗೆ ಹಾಗೆ ಹೇಳೋ ಧೈರ್ಯ ಯಾರಿಗಿದೆ ಹೇಳಿ ನೋಡೋಣ?" ಹೆಮ್ಮೆಯಲ್ಲಿ ಎದುರಿಗೆ ಬಂದ ಸೈಕಲ್ಲನ್ನು ತೋರಿಸುವುದನ್ನೇ ಮರೆತರು.

ಆಫೀಸಿಗೆ ಬಂದವರೇ ಮಗಳ ಹಿಂದೆ ನಿಂತರು. "ಆ ವೆಬ್‌ಸೈಟಲ್ಲಿ ಇನ್ನೊಂದು ಸೇರಿಸು. ಕಾರು ಕಲಿಸೋಕೆ ಒಬ್ಬರು ಬೇಕಾಗಿದ್ದಾರೆ ಅಂತ ಹಾಕಿ, ಅದಕ್ಕೂ ಒಂದು ಅರ್ಜಿ ಇಡು."

ಮಗಳು ತಿರುಗಿ ಅಮ್ಮನ ಮುಖ ನೋಡಿದಳು. ಕೀಬೋರ್ಡನ್ನು ಹತ್ತಿರ ಎಳೆದುಕೊಂಡು ಕೇಳಿದಳು, "ಅರ್ಜಿ ಲಿಂಕು... ಹೊಸ ಟ್ಯಾಬಲ್ಲಿ ತೆರೀಲಾ, ಇದರಲ್ಲೇನಾ?"

"ನನ್ನನ್ನೇನೇ ಕೇಳ್ತೀಯ?" ಎಂದರು ಮೇಡಂ. "ಅದು ನಿನ್ನ ಕೆಲಸ."