ನಾನು ಕೆತ್ತಿಟ್ಟ ಹನ್ನೊಂದು ಕಲ್ಲು

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆಮೇಲೆ ಕಲಿತದ್ದೆಲ್ಲ ಉಳಿ ಸುತ್ತಿಗೆಯಿಂದಲೇ. ಸಾಗರದ ಸುತ್ತಮುತ್ತ ನಾನು ಕೆತ್ತಿದ ಮೆಟ್ಟಿಲು, ಹೊಸ್ತಿಲು ಎಷ್ಟಿವೆಯೋ. ಒಂದೇ ಒಂದು ಒರಟು ಕಲ್ಲೂ ನನ್ನ ಕೈಯಿಂದ ಹಾಗೇ ಹೊರಗೆ ಹೋದದ್ದಿಲ್ಲ. ಆ ಹೆಮ್ಮೆಯೇ ಒಬ್ಬ ಹುಡುಗಿಯ ಬೇಸಿಗೆಯನ್ನು ಹಾಳು ಮಾಡಿತು.

ಅವಳು ಡಿಗ್ರಿ ಓದುತ್ತಿದ್ದಳು. ರಜೆಯಲ್ಲಿ ನಮ್ಮ ಕಡೆಯ ಬಂಡೆಗಳನ್ನು ಅಧ್ಯಯನ ಮಾಡಲು ಬಂದಿದ್ದಳು. ಕಲ್ಲು ಒಡೆದುಕೊಡಲು ಯಾರೋ ನನ್ನನ್ನು ತೋರಿಸಿದ್ದರು. ಹೊನ್ನೆಮರಡಿನಲ್ಲಿ ಹಿನ್ನೀರು ಇಳಿದು, ಮಳೆಗಾಲದಲ್ಲಿ ಮುಳುಗುವ ಬಂಡೆಗಳು ಮೇಲೆದ್ದಿದ್ದವು. ನಾನು ಒಡೆಯುವ ಮೊದಲು ಅವಳು ಪ್ರತಿ ಸಲವೂ ದಿಕ್ಸೂಚಿ ಇಟ್ಟು ನೋಡಿ, ಬಂಡೆಯ ಮೇಲೆ ಮಾರ್ಕರಿನಿಂದ ಒಂದು ಬಾಣ ಬರೆಯುತ್ತಿದ್ದಳು.

“ಇದೇನೇ, ಕಲ್ಲಿಗೂ ನಾಮ ಹಾಕ್ತೀಯಾ?” ಎಂದೆ.

“ಇದು ಉತ್ತರ ದಿಕ್ಕು ಅಣ್ಣ. ಇದಿಲ್ದಿದ್ರೆ ಕಲ್ಲು ಹ್ಯಾಗೆ ಮಲಗಿತ್ತು ಅಂತ...”

“ಮೂವತ್ತು ವರ್ಷದಿಂದ ಕಲ್ಲಿನ ಜೊತೆ ಸಂಸಾರ ಮಾಡಿದೀನಿ. ನಂಗೆ ಪಾಠ ಬ್ಯಾಡ ಮಾರಾಯ್ತಿ. ಆಚೆ ಸರಿ, ಚಕ್ಕೆ ಹಾರುತ್ತೆ!”

ಅವಳು ನಕ್ಕು ಸರಿದಳು. ಮಾತು ಅಲ್ಲಿಗೇ ನಿಂತಿತು.

ಹನ್ನೊಂದು ಕಲ್ಲುಗಳನ್ನು ನಂಬರು ಬರೆದ ಚೀಲಗಳಿಗೆ ಹಾಕಿ, ನನ್ನ ಶೆಡ್ಡಿನಲ್ಲಿ ಬಿಟ್ಟು, ಅವಳು ಹೊಸನಗರ, ತೀರ್ಥಹಳ್ಳಿ ಕಡೆಯ ಬಂಡೆಗಳನ್ನು ನೋಡಲು ಹೋದಳು. ಬಸ್ಸಿನಲ್ಲಿ ಅಷ್ಟು ಭಾರ ಹೊರುವುದಾದರೂ ಹೇಗೆ? ಒಂದು ಮಧ್ಯಾಹ್ನ ಕೆಲಸವಿಲ್ಲದೆ ಕೂತವನು ಒಂದು ಚೀಲ ಬಿಚ್ಚಿದೆ. ಸೊಟ್ಟ ಕಲ್ಲು, ಮೇಲೆ ಮಳೆ ಬಿಸಿಲು ತಿಂದ ಸಿಪ್ಪೆ. ಇಂಥದ್ದನ್ನು ಕಾಲೇಜಿಗೆ ಒಯ್ದರೆ ಒಡೆದುಕೊಟ್ಟವನ ಮರ್ಯಾದೆ ಏನಾಗಬೇಕು? ಹನ್ನೊಂದನ್ನೂ ಸಿಪ್ಪೆ ತೆಗೆದು, ಮೂಲೆ ನೇರ ಮಾಡಿ, ಆಯಾ ಚೀಲಕ್ಕೇ ಹಾಕಿಟ್ಟೆ. ಸಿಪ್ಪೆಯ ಜೊತೆ ಬಾಣವೂ ಹೋಗುವುದು ಕಾಣುತ್ತಿತ್ತು. ಚೀಲದ ಮೇಲೆ ನಂಬರಿದೆಯಲ್ಲ, ಗುರುತಿಗೆ ಅಷ್ಟು ಸಾಕು ಅಂದುಕೊಂಡೆ.

ವಾರ ಬಿಟ್ಟು ಬಂದವಳು ಒಂದು ಚೀಲ ಬಿಚ್ಚಿದಳು, ಇನ್ನೊಂದು ಬಿಚ್ಚಿದಳು, ಅಲ್ಲೇ ನೆಲದ ಮೇಲೆ ಕೂತಳು.

“ಅಣ್ಣ, ಬಾಣ?”

ಆ ಮುಖ ನೋಡಿದ ಮೇಲೆ ನಿಜ ಹೇಳಲು ನಾಲಿಗೆ ಏಳಲಿಲ್ಲ. “ಮೊನ್ನೆ ಅಡ್ಡಮಳೆ ಬಂತಲ್ಲ, ಶೆಡ್ಡಿಗೆ ನೀರು ನುಗ್ಗಿ ಅಳಿಸ್ಹೋಗಿತ್ತು. ಹ್ಯಾಗೂ ಹಾಳಾಯ್ತಲ್ಲ ಅಂತ ಕೆತ್ತಿಟ್ಟೆ” ಎಂದೆ.

“ನಾನೇ ಇಲ್ಲಿ ಬಿಟ್ಟು ಹೋಗ್ಬಾರ್ದಿತ್ತು” ಎಂದಳು, ತನ್ನನ್ನೇ ಬೈದುಕೊಳ್ಳುವಂತೆ.

ಹೊಸದಾಗಿ ಒಡೆದು ತರೋಣವೆಂದರೆ ಮಳೆಗಾಲ ಹಿಡಿದುಬಿಟ್ಟಿತು. ಅವಳ ರಜೆಯೂ ಮುಗಿಯಿತು. ಬಂಡೆಗಳು ಒಂದೊಂದಾಗಿ ನೀರಿನಡಿಗೆ ಹೋದವು.

ಮರುವರ್ಷ ಅಚ್ಚಾದ ವರದಿ ಹಿಡಿದು ಅವಳೇ ಬಂದಳು. ಇಂಗ್ಲಿಷಿನಲ್ಲಿತ್ತು. ನನಗಾಗಿ ಕನ್ನಡದಲ್ಲಿ ಹೇಳಿದಳು: ಮಳೆಯಿಂದ ಗುರುತು ಅಳಿಸಿದ್ದರಿಂದ ಹೊನ್ನೆಮರಡಿನ ಕಲ್ಲುಗಳನ್ನು ಕೈಬಿಡಲಾಗಿದೆ. ನನ್ನ ಸುಳ್ಳು ಅಚ್ಚಾಗಿತ್ತು, ಅವಳ ಹೆಸರಿನಲ್ಲಿ. ಕೊನೆಯ ಪುಟ ತಿರುಗಿಸಿ, “ನೋಡಿ, ಉಪಕಾರ ಮಾಡಿದೋರಲ್ಲಿ ನಿಮ್ಮ ಹೆಸರೇ ಮೊದ್ಲು” ಎಂದಳು.

ನಿಜ ಹೇಳಲು ಅದೇ ಸರಿಯಾದ ಹೊತ್ತಾಗಿತ್ತು. ನಾನು, “ಚಾ ಕುಡ್ದು ಹೋಗು ತಂಗಿ” ಎಂದೆ.

ಆ ವರದಿ ಮನೆಯಲ್ಲಿದೆ. ನಾನು ಕೆತ್ತಿದ ಮೆಟ್ಟಿಲನ್ನು ಬಂದವರಿಗೆಲ್ಲ ತೋರಿಸುತ್ತೇನೆ. ನನ್ನ ಹೆಸರು ಅಚ್ಚಾಗಿರುವ ಆ ಒಂದು ಪುಟವನ್ನು ಇವತ್ತಿನವರೆಗೂ ಯಾರಿಗೂ ತೋರಿಸಿಲ್ಲ.