ರದ್ದು ಮಾಡಬಾರದ ಮದುವೆ

ಮದುವೆ ಊಟದ ಗುತ್ತಿಗೆ ಹಿಡಿಯುವ ಆ ಯಜಮಾನರನ್ನು ಕಂಡರೆ ನನಗೆ ಮೊದಲ ದಿನದಿಂದಲೇ ಅಸಡ್ಡೆ. ಮುಂಬಯಿ ಹತ್ತಿರದ ಅಂಬರನಾಥದಲ್ಲಿ ದೊಡ್ಡ ಅಡುಗೆಮನೆ, ಉಡುಪಿ ಕಡೆಯ ಮಾತು, ಕೈಗೆ ಐದು ಉಂಗುರ, ತಲೆಯಲ್ಲಿ ಐವತ್ತು ಶಾಸ್ತ್ರ. ಮದುವೆ ಹಾಲ್‌ಗಳ ಬುಕಿಂಗ್ ನಡೆಸುವ ಒಂದು ವೆಬ್‌ಸೈಟಿನಿಂದ ಊಟದ ಆರ್ಡರುಗಳು ನೇರವಾಗಿ ಅವರ ಅಡುಗೆಮನೆಯ ಪರದೆಗೆ ಬರುವಂತೆ ಎಪಿಐ ಎಂಬ ಕೊಂಡಿ ಜೋಡಿಸುವುದು ಬೇಲಾಪುರದ ನಮ್ಮ ಕಂಪನಿಯ ಕೆಲಸ. ಜೋಡಿಸಿದ್ದನ್ನು ಪರೀಕ್ಷಿಸಿ ಸಹಿ ಹಾಕುವುದು ನನ್ನ ಕೆಲಸ.

ಪರೀಕ್ಷೆ ನಡೆಯುವುದು ಸ್ಯಾಂಡ್‌ಬಾಕ್ಸಿನಲ್ಲಿ. ಅಂದರೆ ಅಸಲಿಯದೇ ನಕಲು. ಅಲ್ಲಿ ಮದುವೆಯೂ ಸುಳ್ಳು, ಊಟವೂ ಸುಳ್ಳು, ಏನು ಎಡವಟ್ಟಾದರೂ ಯಾರಿಗೂ ತೊಂದರೆಯಿಲ್ಲ. ಪರೀಕ್ಷೆ ನೋಡಲು ನಮ್ಮ ಆಫೀಸಿಗೆ ಬಂದ ಯಜಮಾನರಿಗೆ ಇದನ್ನು ಮೂರು ಸಲ ಹೇಳಿದೆ. ಮೂರು ಸಲವೂ ತಲೆಯಾಡಿಸಿದರು. ಆಮೇಲೆ, ಮೊದಲ ಆರ್ಡರ್ ಶುಭದ್ದಾಗಿರಲಿ ಎಂದು ತಮ್ಮ ಮಗಳ ಮದುವೆಯನ್ನೇ ಬರೆಸಿದರು! ಹುಡುಗಿಗೆ ಇನ್ನೂ ಗಂಡೇ ಗೊತ್ತಾಗಿರಲಿಲ್ಲ. ಆದರೂ ಪಾಯಸ ಯಾವುದೆಂಬುದು ನಿಶ್ಚಯವಾಗಿತ್ತು. ಆರ್ಡರ್ ಪರದೆಯ ಮೇಲೆ ಮೂಡಿದಾಗ ಅವರು ಕೈಮುಗಿದರು. ನನಗೆ ನಗು ತಡೆಯಲಾಗಲಿಲ್ಲ.

ಮುಂದಿನದು ರದ್ದತಿಯ ಪರೀಕ್ಷೆ. ಗಿರಾಕಿ ಬೇಡ ಎಂದರೆ ಆ ಸುದ್ದಿ ಅಡುಗೆಮನೆಗೆ ತಲುಪಬೇಕು. ಕೈಕೊಡುವುದಿದ್ದರೆ ಅಲ್ಲೇ ಎಂದು ನನಗೆ ಗೊತ್ತಿತ್ತು. ನಾನು ಮೌಸ್ ಸರಿಸಿದ್ದೇ ತಡ, ಯಜಮಾನರು ಕೈ ಅಡ್ಡ ಹಿಡಿದರು.

“ಅದೊಂದು ಬೇಡ ಮಾರಾಯ್ತಿ. ನನ್ನ ಮಗಳ ಮದುವೆ ಅದು.”

“ಅಂಕಲ್, ಇದು ಬರೀ ಟೆಸ್ಟಿಂಗ್. ಎಲ್ಲ ಸುಳ್ಳು.”

“ಸುಳ್ಳಾದ್ರೂ ಕ್ಯಾನ್ಸಲ್ ಅಂತ ಬರೂದು ಬೇಡ. ಬೇರೆ ಯಾರದ್ದಾದ್ರೂ ಹಾಕಿ ಮಾಡು.”

ಬೇರೆಯದು ಹಾಕಲು ಎರಡೇ ನಿಮಿಷ ಸಾಕಿತ್ತು. ಆದರೆ ನನಗೆ ರೇಗಿಹೋಗಿತ್ತು. ಇಂಥ ಮೂಢರಿಗೆ ಇಷ್ಟೇ ಸಾಕು ಎಂದುಕೊಂಡು ರದ್ದತಿಯ ಎದುರು ಪರೀಕ್ಷಿಸದೆಯೇ ‘ಪಾಸ್’ ಎಂದು ಬರೆದು, ಸಹಿ ಹಾಕಿ, ಠಾಣೆಯಲ್ಲಿ ಲೋಕಲ್ ರೈಲು ಬದಲಾಯಿಸಿ ಡೊಂಬಿವಲಿಯ ಮನೆ ಸೇರಿದೆ. ಅವರು ಕಂಪ್ಯೂಟರಿಗೆ ಕೈಮುಗಿದದ್ದನ್ನು ಅಭಿನಯಿಸಿ ತೋರಿಸಿ ಮನೆಯವರನ್ನೆಲ್ಲ ನಗಿಸಿದೆ.

ಗುರುವಾರ ರಾಹುಕಾಲ ಕಳೆದ ಮೇಲೆ ತೆಂಗಿನಕಾಯಿ ಒಡೆದು, ನಿಜವಾದ ಆರ್ಡರುಗಳಿಗೆ ತೆರೆದು, ಲೈವ್ ಆದೆವು. ಇಂಜಿನಿಯರಿಂಗ್ ಓದಿದ ನಮ್ಮ ಮ್ಯಾನೇಜರ್ ಕೂಡ ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿದ.

ಮೂರನೇ ವಾರ ಕಲ್ಯಾಣದ ಒಂದು ಮನೆಯವರು ಮದುವೆಯ ಹಿಂದಿನ ದಿನ ವೆಬ್‌ಸೈಟಿನಲ್ಲಿ ಎಲ್ಲ ರದ್ದು ಮಾಡಿದರು. ಮದುಮಗಳ ತಂದೆ ತೀರಿಕೊಂಡಿದ್ದರು. ಆ ಸುದ್ದಿ ನಮ್ಮ ಜೋಡಣೆಯಲ್ಲೇ ಸಿಕ್ಕಿಹಾಕಿಕೊಂಡಿತು, ಅಡುಗೆಮನೆಗೆ ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆ ಅವರ ಬಿಲ್ಡಿಂಗಿನ ಮೆಟ್ಟಿಲಲ್ಲಿ ಹೆಣ ಇಳಿಸುತ್ತಿದ್ದಾಗ, ಮದುವೆಯ ನೆಂಟರಿಗೆಂದು ಮನೆಗೇ ಹೇಳಿದ್ದ ತಿಂಡಿ ಹೊತ್ತ ಟೆಂಪೊ ಗೇಟಿನೊಳಗೆ ಬಂತು. ಇಡ್ಲಿ, ಸಾಂಬಾರು, ಬಿಸಿ ಕೇಸರಿಬಾತು.

ಯಜಮಾನರು ತಾವೇ ಆ ಮನೆಗೆ ಹೋಗಿ ಕ್ಷಮೆ ಕೇಳಿ, ಮಧ್ಯಾಹ್ನ ನಮ್ಮ ಆಫೀಸಿಗೆ ಬಂದರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಬಹುದಿತ್ತು.

“ಅವತ್ತು ನಾನು ನಿನ್ನ ಕೈ ತಡೀಬಾರ್ದಿತ್ತು ಮಗಾ,” ಎಂದರು. “ಆ ಹುಡುಗಿಯ ಮುಖ ನೋಡ್ಲಿಕ್ಕಾಗ್ಲಿಲ್ಲ ನನಗೆ.”

ಮ್ಯಾನೇಜರ್ ನನ್ನತ್ತ ತಿರುಗಿ, ಪಾಸ್ ಅಂತ ಬರೆದಿದೆಯಲ್ಲ, ಟೆಸ್ಟ್ ಮಾಡಲೇ ಇಲ್ಲವಾ ಎಂದು ಹಿಂದಿಯಲ್ಲಿ ಕೇಳಿದ. ನಾನು ಕೊಟ್ಟ ಉತ್ತರ ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

“ಇವರು ಮಾಡಲು ಬಿಡಲಿಲ್ಲ ಸರ್,” ಎಂದೆ.

ಹೌದು, ತಾನೇ ಬಿಡಲಿಲ್ಲ, ಈ ಹುಡುಗಿಯನ್ನು ಏನೂ ಅನ್ನಬೇಡಿ ಎಂದು ಯಜಮಾನರು ಅವನೆದುರು ಕೈಮುಗಿದರು.