ಫ್ಲಾಪಿ ಡಾಕ್ಟರು

ನಮ್ಮ ಬೀದಿಯ ಫ್ಲಾಪಿ ಡಾಕ್ಟರು ಯಾವ ಡಿಸ್ಕನ್ನೂ ಸತ್ತಿದೆ ಎಂದು ಒಪ್ಪಿದವರಲ್ಲ. ಹಳೆಯ ಕಂಪ್ಯೂಟರುಗಳನ್ನು ಸೂರು ಮುಟ್ಟುವಂತೆ ಪೇರಿಸಿದ ಅಂಗಡಿಗೆ ಯಾರಾದರೂ ಬೂಷ್ಟು ಹಿಡಿದ ಫ್ಲಾಪಿ ತಂದರೆ, ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, “ಮೂರ್ಛೆ ಹೋಗಿದೆ ಅಷ್ಟೇ ಕಣ್ರೀ, ಗಾಬರಿ ಬೇಡ” ಎನ್ನುತ್ತಾರೆ. ಹತ್ತಿಯಿಂದ ಒರೆಸಿ ಡ್ರೈವಿಗೆ ಹಾಕಿದ ಮೇಲೆ ಅದು ಕರಕರ ಎಂದಾಗಲೆಲ್ಲ, “ಹಾಂ, ಬಾ ಮರಿ, ಇನ್ನೊಂದು ಚೂರು” ಎಂದು ಪುಸಲಾಯಿಸುತ್ತಾರೆ. ಫೈಲು ತೆರೆದುಕೊಂಡಿತೋ, ಮುಖ ಗೋಡೆಗೆ ತಿರುಗಿತು. ಬೇರೆಯವರದ್ದು ಓದಬಾರದೆಂಬುದು ಅವರ ಹಟ. ಈ ಹಟದಿಂದಲೇ ಒಮ್ಮೆ ಯಾರದೋ ಪ್ರೇಮಪತ್ರಗಳನ್ನೆಲ್ಲ ಕೇಸಿನ ಕಾಗದವೆಂದುಕೊಂಡು ವಕೀಲರೊಬ್ಬರಿಗೆ ಕೊಟ್ಟು ಕಳಿಸಿದ್ದೂ ಉಂಟು. ಆದರೆ ದಿನಾ ಬೆಳಿಗ್ಗೆ ಬಾಗಿಲು ತೆಗೆದೊಡನೆ ಒಂದೇ ಒಂದು ಫೈಲನ್ನು ಕಣ್ತುಂಬ ನೋಡುತ್ತಾರೆ. ಅದು ಮೀಸೆಯಿರುವ ಸೂರ್ಯ. ಇಪ್ಪತ್ತೈದು ವರ್ಷದ ಹಿಂದೆ ಒಬ್ಬ ತಾಯಿ, ತನ್ನ ಮಗು ಕಂಪ್ಯೂಟರಿನಲ್ಲಿ ಬಿಡಿಸಿದ ಚಿತ್ರ ಇದರಲ್ಲಿದೆ, ಉಳಿಸಿಕೊಡಿ ಎಂದು ಕೆಟ್ಟ ಫ್ಲಾಪಿಯೊಂದನ್ನು ಕೊಟ್ಟು ಹೋದವಳು ಮತ್ತೆ ಬರಲೇ ಇಲ್ಲ. ಹೊಸ ನಮೂನೆಯ ಡಿಸ್ಕು ಬಂದಾಗಲೆಲ್ಲ ಡಾಕ್ಟರು ಮೊದಲು ಆ ಸೂರ್ಯನನ್ನು ಅದಕ್ಕೆ ದಾಟಿಸುತ್ತಾರೆ. “ಆ ಮಗುವಿಗೇ ಈಗ ಮಕ್ಕಳಾಗಿರ್ತವೆ, ಇನ್ನೂ ಇಟ್ಕೊಂಡಿದ್ದೀರಲ್ಲ!” ಎಂದು ಹೆಂಡತಿ ನಗುತ್ತಾರೆ. “ಹಾಗಾದ್ರೆ ಇನ್ನೂ ಜೋಪಾನ ಮಾಡ್ಬೇಕು ಕಣೇ,” ಎನ್ನುತ್ತಾರೆ ಡಾಕ್ಟರು, “ಕೇಳ್ಕೊಂಡು ಬರೋರು ಜಾಸ್ತಿಯಾದ್ರಲ್ಲ!”